ಉಮ್ರಾವ್ ಜಾನಳ ನಿವೇದನೆಯೂ ಅದರ ಓದುಗರೂ

ಕಾದಂಬರಿಯೊಂದನ್ನು ಮುಗಿಸಿ ಪುಸ್ತಕ ಮುಚ್ಚಿದೊಡನೆ ಓದುಗನ ಬಾಯಿಂದ ಹೊರಡುವ ಮೊದಲ ಮಾತು ಆ ಕೃತಿಯನ್ನು ಕುರಿತು ಎಷ್ಟು ಹೇಳುತ್ತದೆಯೋ ಓದುಗನನ್ನು ಕುರಿತೂ ಅಷ್ಟೇ ಹೇಳುತ್ತದೆ. ಅರಸನ ಕಥೆಯನ್ನೋ ಒಕ್ಕಲಿಗನ ಕಥೆಯನ್ನೋ ಓದಿದವನು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದಿಷ್ಟು ಹೇಳಿ ಸುಮ್ಮನಾಗಬಹುದು. ಆದರೆ ವೇಶ್ಯೆಯೊಬ್ಬಳು ‘ನಾನು’ ಎಂದು ತನ್ನ ಬಾಳನ್ನು ತಾನೇ ಹೇಳಿಕೊಳ್ಳುವ ಕಾದಂಬರಿಯನ್ನು ಓದಿದವನು ಅಷ್ಟಕ್ಕೆ ಸುಮ್ಮನಾಗಲಾರ. ಇದು ನಿಜವಾಗಿ ನಡೆದದ್ದೇ ಎಂದು ಕೇಳುತ್ತಾನೆ; ಅಯ್ಯೋ ಪಾಪವೆನ್ನುತ್ತಾನೆ; ಇಂಥದನ್ನು ಬರೆಯಬಹುದೇ, ಬರೆದರೂ ಎಲ್ಲರ ಕೈಗೆ ಕೊಡಬಹುದೇ ಎಂದು ತರ್ಕ ಹೂಡುತ್ತಾನೆ. ಈ ಮೂರು ಬಗೆಯ ಮಾತುಗಳಲ್ಲಿ ಯಾವುದು ಎಷ್ಟು ದೂರ ಸಲ್ಲುತ್ತದೆ, ಇವುಗಳಾಚೆ ಓದುಗನು ಕೇಳಿಕೊಳ್ಳಬೇಕಾದ ಬೇರೊಂದು ಮಾತು ಉಂಟೇ ಎಂಬುದನ್ನು ಉರ್ದು ಭಾಷೆಯ ಒಂದು ಪ್ರಸಿದ್ಧ ಕಾದಂಬರಿಯನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಕಾದಂಬರಿಯ ಹೆಸರು ‘ಉಮ್ರಾವ್ ಜಾನ್ ಅದಾ’. 1899ರಲ್ಲಿ ಲಖನೌ ನಗರದ ಮಿರ್ಜಾ ಮುಹಮ್ಮದ್ ಹಾದಿ ಎಂಬವರು ಇದನ್ನು ‘ರುಸ್ವಾ’ ಎಂಬ ಕಾವ್ಯನಾಮದಿಂದ ಪ್ರಕಟಿಸಿದರು. ಹಾದಿಯವರು ಗಣಿತ, ಖಗೋಳ, ರಸಾಯನಶಾಸ್ತ್ರ ಮೊದಲಾದವುಗಳಲ್ಲೆಲ್ಲ ಕೈಯಾಡಿಸಿದ ಬಹುಶ್ರುತ ವಿದ್ವಾಂಸರು. ಕಾಲೇಜಿನಲ್ಲಿ ಪಾಠ ಹೇಳಿದವರು. ಕೊನೆಗಾಲದಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಭಾಷಾಂತರ ವಿಭಾಗದಲ್ಲಿ ದುಡಿದು 1931ರಲ್ಲಿ ತೀರಿಕೊಂಡವರು. ‘ರುಸ್ವಾ’ ಎಂದರೆ ಅಪಕೀರ್ತಿಗೆ ಗುರಿಯಾದವನು ಎಂದು ಅರ್ಥ. ‘ಅದಾ’ ಎಂಬುದು ಕಥಾನಾಯಕಿಯ ಕಾವ್ಯನಾಮ. ಅದರ ಅರ್ಥ ಬೆಡಗು, ವಿಲಾಸ. ಮಾನ್ಯನಾದ ಉಪಾಧ್ಯಾಯನು ತನ್ನನ್ನು ಮಾನಗೆಟ್ಟವನೆಂದು ಕರೆದುಕೊಳ್ಳುವುದು, ಲೋಕವು ಮಾನಗೆಟ್ಟವಳೆನ್ನುವ ಹೆಣ್ಣು ಕವಿಯಾಗಿ ತನಗೊಂದು ಚೆಲುವಾದ ಹೆಸರಿಟ್ಟುಕೊಳ್ಳುವುದು, ಈ ಎರಡೂ ಆಕಸ್ಮಿಕವಲ್ಲವೆಂದು ಕೃತಿಯನ್ನು ಓದಿದವರಿಗೆ ತಿಳಿಯುತ್ತದೆ.

ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಫೈಜಾಬಾದಿನಲ್ಲಿ ಬಹೂ ಬೇಗಮಳ ಸಮಾಧಿಯ ಕಾವಲಿನಲ್ಲಿದ್ದ ಜಮಾದಾರನೊಬ್ಬನ ಮಗಳು ಅಮೀರನ್. ತನ್ನ ವಿರುದ್ಧ ಸಾಕ್ಷಿ ಹೇಳಿದನೆಂದು ಆ ಜಮಾದಾರನ ಮೇಲೆ ಹಗೆ ಸಾಧಿಸುತ್ತಿದ್ದ ದಿಲಾವರ್ ಖಾನನೆಂಬವನು ಸೆರೆಯಿಂದ ಬಿಡುಗಡೆಯಾಗಿ ಬಂದು ಹುಡುಗಿಯನ್ನು ಕದ್ದೊಯ್ದು ಲಖನೌದಲ್ಲಿ ಖಾನುಮ್ ಎಂಬ ಗಣಿಕೆಯ ಮನೆಗೆ ಮಾರುತ್ತಾನೆ. ಬೆಲೆ 125 ರೂಪಾಯಿ. ಅಲ್ಲಿ ಮೌಲವಿಯಿಂದ ವಿದ್ಯೆ, ಉಸ್ತಾದರಿಂದ ಸಂಗೀತ ನೃತ್ಯಗಳನ್ನು ಕಲಿತು ಅಮೀರನ್ ಉಮ್ರಾವ್ ಜಾನಳಾಗುತ್ತಾಳೆ. ನವಾಬ್ ಸುಲ್ತಾನನ ಒಲವು, ದರೋಡೆಕಾರನಾದ ಫೈಜ್ ಅಲಿಯೊಡನೆ ಪಲಾಯನ, 1857ರ ದಂಗೆ, ಲಖನೌದ ಪತನ ಎಲ್ಲವೂ ಅವಳ ಬಾಳಿನಲ್ಲಿ ಹಾದುಹೋಗುತ್ತವೆ. ಒಂದು ದಿನ ಫೈಜಾಬಾದಿನಲ್ಲಿ ತಾನು ಹುಟ್ಟಿದ ಮನೆಯ ಮುಂದೆಯೇ ಕುಣಿಯುವ ಪ್ರಸಂಗ ಒದಗುತ್ತದೆ. ತಾಯಿ ಗುರುತು ಹಿಡಿದು ಅಪ್ಪಿ ಅಳುತ್ತಾಳೆ. ತಮ್ಮನು ಚೂರಿ ಹಿಡಿದು ಬರುತ್ತಾನೆ, ಕೊಲ್ಲಲಾರದೆ ಅಳುತ್ತಾನೆ, ಮನೆಯೊಳಕ್ಕೆ ಕರೆಯಲೂ ಆರ. ಉಮ್ರಾವ್ ಮರಳಿ ಲಖನೌಗೆ ಬರುತ್ತಾಳೆ.

ನಮ್ಮ ಕಾಲೇಜಿನ ಸಾಹಿತ್ಯ ಸಂಘದಲ್ಲಿ ಇತ್ತೀಚೆಗೆ ಈ ಕಾದಂಬರಿಯನ್ನು ಕುರಿತು ಎರಡು ಸಂಜೆ ಚರ್ಚೆ ನಡೆಯಿತು. ನಾನು ಹೇಳಿದ ಮೂರು ಮಾತುಗಳೂ ಅಲ್ಲಿ ಕೇಳಿಬಂದವು. ಒಬ್ಬ ವಿದ್ಯಾರ್ಥಿ ಉಮ್ರಾವ್ ಜಾನ್ ಐತಿಹಾಸಿಕ ವ್ಯಕ್ತಿ ಹೌದೋ ಅಲ್ಲವೋ ಎಂಬುದೊಂದನ್ನೇ ಹಿಡಿದು ಕೂತ. ತಾಯಿಮಗಳ ಭೇಟಿಯ ಪ್ರಸಂಗವನ್ನು ವಿವರಿಸುವಾಗ ಒಬ್ಬಳ ಕಂಠ ಕಟ್ಟಿತು. ಹಿರಿಯ ಸಹೋದ್ಯೋಗಿಯೊಬ್ಬರು ‘ಹೆಣ್ಣುಮಕ್ಕಳ ಮುಂದೆ ಚರ್ಚಿಸಲು ನಿಮಗೆ ಬೇರೆ ಪುಸ್ತಕವೇ ಸಿಗಲಿಲ್ಲವೇ?’ ಎಂದು ನನ್ನನ್ನು ಪ್ರತ್ಯೇಕವಾಗಿ ಕೇಳಿದರು. ಇವೆಲ್ಲ ನಿರೀಕ್ಷಿತವೇ. ಆದರೆ ಎರಡನೆಯ ಸಂಜೆ ಸಭೆ ಮುಗಿಯುವ ಹೊತ್ತಿಗೆ, ಅದುವರೆಗೆ ಬಾಯಿ ಬಿಡದಿದ್ದ ದ್ವಿತೀಯ ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, ‘ಸಾರ್, ಕೊನೆಯಲ್ಲಿ ಅವಳಿಗೇ ಈ ಪುಸ್ತಕದ ಮೇಲೆ ಸಿಟ್ಟು ಬರುತ್ತದಲ್ಲ, ಅದರ ಬಗ್ಗೆ ಯಾರೂ ಮಾತಾಡಲೇ ಇಲ್ಲ’ ಎಂದಳು. ಅವಳ ಮಾತಿನ ತೂಕ ತಿಳಿಯಬೇಕಾದರೆ ಮೊದಲು ಉಳಿದ ಮೂರು ಮಾತುಗಳನ್ನು ಒರೆಗೆ ಹಚ್ಚಬೇಕು.

ಮೊದಲನೆಯದು ನಿಜವೋ ಸುಳ್ಳೋ ಎಂಬ ಪ್ರಶ್ನೆ. ಈ ಪ್ರಶ್ನೆ ಏಳುವುದಕ್ಕೆ ಕಾದಂಬರಿಕಾರನೇ ಅವಕಾಶ ಮಾಡಿಕೊಟ್ಟಿದ್ದಾನೆ. ಲಖನೌದಲ್ಲಿ ಒಂದು ಬಾಡಿಗೆಮನೆ. ಅಲ್ಲಿ ಗೆಳೆಯರ ಕವಿಗೋಷ್ಠಿ. ಒಂದು ಒಳ್ಳೆಯ ಪದ್ಯ ಬಂದಾಗ ಪಕ್ಕದ ಮನೆಯ ಕಿಟಕಿಯಾಚೆಯಿಂದ ಹೆಣ್ಣುದನಿಯೊಂದು ಭೇಷ್ ಎನ್ನುತ್ತದೆ. ಕರೆಸಿ ನೋಡಿದರೆ ಒಂದು ಕಾಲದಲ್ಲಿ ಹೆಸರು ಮಾಡಿದ್ದ ಉಮ್ರಾವ್ ಜಾನ್. ರುಸ್ವಾ ಒತ್ತಾಯಪಡಿಸಿ ಅವಳಿಂದ ಅವಳ ಕಥೆಯನ್ನು ಹೇಳಿಸುತ್ತಾನೆ, ನಡುನಡುವೆ ತಾನೇ ಪ್ರಶ್ನೆ ಹಾಕುತ್ತಾನೆ, ಪರಿಹಾಸ ಮಾಡುತ್ತಾನೆ. ಲೇಖಕನೇ ಪಾತ್ರವಾಗಿ ಎದುರು ಕುಳಿತು ಕೇಳುತ್ತಿರುವಾಗ ಹೇಳುವವಳು ಮಾತ್ರ ಕಲ್ಪಿತಳೆಂದು ನಂಬುವುದು ಓದುಗನಿಗೆ ಕಷ್ಟ. ಅವಳು ಬದುಕಿದ್ದಳೆಂದು ವಾದಿಸುವವರು ಇಂದಿಗೂ ಇದ್ದಾರೆ. ವಾರಾಣಸಿಯಲ್ಲಿ ಒಂದು ಗೋರಿಯನ್ನು ಅವಳದೆಂದೇ ತೋರಿಸುತ್ತಾರೆ.

ಲಖನೌದ ತವಾಯಿಫರ ಬಾಳನ್ನು ತಿಳಿಯಲು ಗೋರಿಯನ್ನು ಅಗೆಯಬೇಕಾಗಿಲ್ಲ. ವೀಣಾ ತಲವಾರ್ ಓಲ್ಡನ್‌ಬರ್ಗ್ ಎಂಬ ಇತಿಹಾಸಜ್ಞೆ ಲಖನೌ ನಗರಸಭೆಯ ಹಳೆಯ ದಫ್ತರುಗಳನ್ನು ಶೋಧಿಸುತ್ತಿದ್ದಾಗ 1858ರಿಂದ 1877ರವರೆಗಿನ ತೆರಿಗೆ ಪುಸ್ತಕಗಳು ಅವರ ಕಣ್ಣಿಗೆ ಬಿದ್ದವು. ‘ಹಾಡುವ ಕುಣಿಯುವ ಹೆಂಗಸರು’ ಎಂಬ ಶೀರ್ಷಿಕೆಯಡಿ ಇದ್ದವರು ನಗರದಲ್ಲಿ ಅತ್ಯಧಿಕ ತೆರಿಗೆ ಕೊಡುವವರ ಸಾಲಿನಲ್ಲಿದ್ದರು. 1857ರ ಬಂಡಾಯದಲ್ಲಿ ಕೈಜೋಡಿಸಿದ್ದಕ್ಕಾಗಿ ಬ್ರಿಟಿಷರು ಮುಟ್ಟುಗೋಲು ಹಾಕಿಕೊಂಡ ಆಸ್ತಿಗಳ ಪಟ್ಟಿಯಲ್ಲೂ ಇವರ ಹೆಸರುಗಳಿದ್ದವು. ಅನಂತರ ಬ್ರಿಟಿಷರು ತಮ್ಮ ಸಿಪಾಯಿಗಳ ಆರೋಗ್ಯರಕ್ಷಣೆಯ ಹೆಸರಿನಲ್ಲಿ 1864ರ ದಂಡುಪ್ರದೇಶದ ಕಾಯಿದೆಯನ್ನೂ 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೂ ತಂದು, ವೇಶ್ಯೆಯರು ಹೆಸರು ನೋಂದಾಯಿಸಿ ದೇಹಪರೀಕ್ಷೆಗೆ ಒಳಗಾಗಬೇಕೆಂದು ವಿಧಿಸಿದರು. ಕವಿತೆ ಕಟ್ಟಬಲ್ಲ, ತೆರಿಗೆ ತೆರಬಲ್ಲ ಹೆಣ್ಣು ಸರಕಾರದ ಕಣ್ಣಿಗೆ ರೋಗದ ಮೂಲವೆಂದು ಮಾತ್ರ ತೋರತೊಡಗಿದ ಕಾಲವದು. ಆ ಕಾಲ ಕಳೆದು ಮೂವತ್ತು ವರ್ಷಗಳ ಮೇಲೆ ರುಸ್ವಾ ತನ್ನ ಕಾದಂಬರಿಯನ್ನು ಬರೆದ. ಒಬ್ಬ ಉಮ್ರಾವ್ ಇದ್ದಳೇ ಎಂಬುದಕ್ಕಿಂತ ಉಮ್ರಾವ್‌ಗಳ ಒಂದು ಲೋಕವಿತ್ತು, ಅದು ಹೀಗೆ ಮುರಿದುಬಿತ್ತು ಎಂಬುದು ದೊಡ್ಡ ಸತ್ಯ. ಗೋರಿಯನ್ನು ಹುಡುಕುವ ಓದುಗನಿಗೆ ಈ ಸತ್ಯ ದಕ್ಕದೆ ಹೋಗುವ ಸಂಭವವುಂಟು.

ಎರಡನೆಯದು ಕರುಣೆ. ಇದನ್ನು ಹಗುರವಾಗಿ ಕಾಣುವ ಇಷ್ಟ ನನಗಿಲ್ಲ. 1981ರಲ್ಲಿ ಮುಜಫ್ಫರ್ ಅಲಿಯವರು ತೆಗೆದ ಚಿತ್ರದಿಂದಾಗಿ ಉರ್ದು ಬಾರದ ಕೋಟ್ಯಂತರ ಜನರಿಗೆ ಈ ಕಥೆ ಪರಿಚಿತವಾಯಿತು. ರೇಖಾ ಅವರ ಅಭಿನಯ, ಖಯ್ಯಾಮರ ಸಂಗೀತ, ಆಶಾ ಭೋಸ್ಲೆಯವರ ಗಾಯನ ಮೂರಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಆ ಚಿತ್ರ ನೋಡಿ ಕಣ್ಣೊರೆಸಿಕೊಂಡವರ ಕಣ್ಣೀರು ಸುಳ್ಳಲ್ಲ. ಆದರೆ ನಮ್ಮ ಕರುಣೆಗೆ ಒಂದು ಕರಾರು ಇರುವುದನ್ನು ಗಮನಿಸಬೇಕು. ಹುಡುಗಿಯನ್ನು ಯಾರೋ ಕದ್ದೊಯ್ದರು, ಅವಳದೇನೂ ತಪ್ಪಿಲ್ಲ ಎಂದು ಖಾತ್ರಿಯಾದ ಮೇಲೆಯೇ ನಮ್ಮ ಕಣ್ಣೀರು ಹರಿಯುತ್ತದೆ. ಓಲ್ಡನ್‌ಬರ್ಗ್ ಅವರು ಲಖನೌದಲ್ಲಿ ಮುಖತಃ ಮಾತನಾಡಿಸಿದ ಹೆಂಗಸರಲ್ಲಿ ಹೆಚ್ಚಿನವರ ಕಥೆ ಅಪಹರಣದ ಕಥೆಯಾಗಿರಲಿಲ್ಲ. ತವರಿನ ಅಥವಾ ಗಂಡನ ಮನೆಯ ಹಿಂಸೆಯನ್ನು ತಾಳಲಾರದೆ ಹೊರಬಿದ್ದವರು ಅವರಲ್ಲಿ ಅನೇಕರು. ಇಂಥವಳೊಬ್ಬಳು ಆತ್ಮಕಥೆ ಹೇಳಿದರೆ ನಮ್ಮ ಕರುಣೆ ಅಷ್ಟೇ ಸಲೀಸಾಗಿ ಹರಿದೀತೇ? ದಿಲಾವರ್ ಖಾನನಿದ್ದಾನಲ್ಲ ಎಂಬ ನೆಮ್ಮದಿ ಓದುಗನಿಗೆ ಬೇಕು. ದುಷ್ಟನೊಬ್ಬನು ಸಿಕ್ಕರೆ ಮನೆ, ಮದುವೆ, ಮರ್ಯಾದೆಗಳನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ.

ಉಮ್ರಾವ್ ಜಾನಳಂತೂ ಈ ಕರುಣೆಗಾಗಿ ಕೈಯೊಡ್ಡಿದವಳಲ್ಲ. ಖಾನುಮಳ ಮನೆಯ ಕಥೆಯನ್ನು ಹೇಳುವಾಗ ಅವಳ ಮಾತಿನಲ್ಲಿ ಹಾಸ್ಯವಿದೆ. ಬಿಸ್ಮಿಲ್ಲಾ ಎಂಬ ತರುಣಿಯ ಅಪ್ಪಣೆಯಂತೆ ಮುದಿ ಮೌಲವಿಯೊಬ್ಬನು ಬೇವಿನ ಮರ ಹತ್ತುವ ಪ್ರಸಂಗವನ್ನು ಓದಿ ನಗದವರಿಲ್ಲ. ತನ್ನಂಥವಳನ್ನು ಯಾವ ಗಂಡಸೂ ನಿಜವಾಗಿ ಪ್ರೀತಿಸುವನೆಂದು ನೆಚ್ಚಬೇಡಿರೆಂದು ತನ್ನ ವೃತ್ತಿಯವರಿಗೆ ಬುದ್ಧಿ ಹೇಳುವಾಗಲೂ ಅವಳ ದನಿ ಗೋಳಿನ ದನಿಯಲ್ಲ, ಲೆಕ್ಕಾಚಾರ ಬಲ್ಲವಳ ದನಿ. ಕೊನೆಗಾಲದಲ್ಲಿ ಅವಳಿಗೆ ಆಸರೆಯಾಗುವುದು ಕೂಡಿಟ್ಟ ಹಣ ಮತ್ತು ಓದಿನ ಹವ್ಯಾಸ. ಪಾಪ ಎನ್ನುವವನು ಅವಳ ಕಣ್ಣೀರನ್ನು ಕಾಣುತ್ತಾನೆ, ಅವಳ ಬುದ್ಧಿಯನ್ನು ಕಾಣುವುದಿಲ್ಲ.

ಮೂರನೆಯದು ಯೋಗ್ಯತೆಯ ಪ್ರಶ್ನೆ. ಇದು ನಮ್ಮ ಕನ್ನಡಕ್ಕೆ ಹೊಸದಲ್ಲ. ಅ. ನ. ಕೃಷ್ಣರಾಯರು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ವೇಶ್ಯಾಸಮಸ್ಯೆಯನ್ನು ಎತ್ತಿಕೊಂಡಾಗ ಅಶ್ಲೀಲವೆಂಬ ಕೂಗೆದ್ದಿತು. ಅದಕ್ಕೆ ಉತ್ತರವಾಗಿ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆಯಬೇಕಾಯಿತು. 1970ರಲ್ಲಿ ಶಿವರಾಮ ಕಾರಂತರು ಬಸರೂರಿನ ಮಂಜುಳೆಯ ಬಾಳನ್ನು ‘ಮೈಮನಗಳ ಸುಳಿಯಲ್ಲಿ’ ಕಾದಂಬರಿಯಲ್ಲಿ ಅವಳ ಮಾತಿನಲ್ಲೇ ತೆರೆದಿಟ್ಟರು. ಇಂದು ಈ ಕೃತಿಗಳನ್ನು ಗ್ರಂಥಾಲಯದಿಂದ ಎರವಲು ಪಡೆಯಲು ಯಾರೂ ಅಳುಕಬೇಕಾಗಿಲ್ಲ. ಬಿರುಗಾಳಿ ಎದ್ದರೂ ಗಂಡಸು ಬರೆದ ಪುಸ್ತಕ ದಡ ಸೇರಿದೆ. ಹೆಣ್ಣು, ಅದರಲ್ಲೂ ಗಣಿಕೆ, ತಾನೇ ಸಹಿ ಹಾಕಿ ಬರೆದ ಪುಸ್ತಕಕ್ಕೆ ಏನಾಯಿತು ಎಂಬುದು ಬೇರೆಯ ಕಥೆ. ಮೈಸೂರು ಸೀಮೆಯವರಾದ ನಾವು ನೆನೆಯಬೇಕಾದ ಕಥೆ.

ನಂಜನಗೂಡಿನಲ್ಲಿ 1878ರಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು ದೇವದಾಸಿ ಮನೆತನದವರು, ಮಹಾ ಗಾಯಕಿ, ವಿದುಷಿ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಗಣಿಕೆ ತೆಲುಗಿನಲ್ಲಿ ರಚಿಸಿದ ‘ರಾಧಿಕಾ ಸಾಂತ್ವನಮು’ ಕಾವ್ಯವು, ಕವಯಿತ್ರಿ ತನ್ನ ವಂಶವನ್ನು ಹೇಳಿಕೊಂಡ ಭಾಗವನ್ನೂ ಕೆಲವು ಪದ್ಯಗಳನ್ನೂ ಕೈಬಿಟ್ಟು ಅಚ್ಚಾಗಿತ್ತೆಂಬುದನ್ನು ಕಂಡು, ಹಸ್ತಪ್ರತಿಯನ್ನು ಸಂಪಾದಿಸಿ 1910ರಲ್ಲಿ ಅವರು ಅದನ್ನು ಸಮಗ್ರವಾಗಿ ಪ್ರಕಟಿಸಿದರು. ಆ ಕಾವ್ಯ ಆತ್ಮಕಥೆಯಲ್ಲ, ರಾಧಾಕೃಷ್ಣರ ಶೃಂಗಾರ. ಆದರೂ ಹೆಣ್ಣಿನ ಬಯಕೆಯನ್ನು ಹೆಣ್ಣೇ ಹೇಳಿದಳೆಂಬುದು ಸಹಿಸಲಾರದ ಮಾತಾಯಿತು. ವಿಧವಾವಿವಾಹಕ್ಕಾಗಿ ಹೋರಾಡಿದ ಕಂದುಕೂರಿ ವೀರೇಶಲಿಂಗಂ ಅವರಂಥ ಸುಧಾರಕರೇ, ಹೆಣ್ಣಿನ ಕಿವಿಗೆ ಬೀಳಬಾರದ ಮಾತು ಹೆಣ್ಣಿನ ಬಾಯಿಂದ ಬಂದಿದೆಯೆಂದು ಮುದ್ದುಪಳನಿಯನ್ನು ಹಳಿದಿದ್ದರು. ಸಂಕೋಚ, ಲಜ್ಜೆಗಳು ಹೆಂಗಸರಿಗೆ ಮಾತ್ರವೋ, ಗಂಡಸರಿಗಿಲ್ಲವೋ ಎಂದು ನಾಗರತ್ನಮ್ಮನವರು ತಮ್ಮ ಪೀಠಿಕೆಯಲ್ಲಿ ನೇರವಾಗಿಯೇ ಕೇಳಿದರು. 1911ರಲ್ಲಿ ಸರಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1947ರಲ್ಲಿ.

ಈಗ ಎರಡು ಇಸವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. 1899ರಲ್ಲಿ ಗಂಡಸೊಬ್ಬನು ಗಣಿಕೆಯ ಬಾಯಿಂದ ಮಾತನಾಡಿ ಬರೆದ ಕಾದಂಬರಿ ಉರ್ದು ಗದ್ಯದ ರತ್ನವೆನಿಸಿತು. ಹನ್ನೊಂದು ವರ್ಷಗಳ ತರುವಾಯ ಗಣಿಕೆಯೊಬ್ಬಳು ಬರೆದು, ಆ ಕುಲದಲ್ಲೇ ಹುಟ್ಟಿದ ಇನ್ನೊಬ್ಬಳು ಸಂಪಾದಿಸಿದ ಕಾವ್ಯ ಪೊಲೀಸರ ಪಾಲಾಯಿತು. ಕಾದಂಬರಿಯನ್ನು ಓದುತ್ತ ಇದು ನಿಜವೇ, ನಿಜವೇ ಎಂದು ಹಂಬಲಿಸುವ ಓದುಗವರ್ಗವೇ, ಆ ನಿಜವು ತನ್ನ ಹೆಸರು ಹೇಳಿಕೊಂಡು ಬಾಗಿಲು ತಟ್ಟಿದಾಗ ಅಗುಳಿ ಹಾಕಿಕೊಂಡಿತು. ಹಾಗೆಂದು ರುಸ್ವಾನ ಕೃತಿಯ ಬೆಲೆ ಕಡಿಮೆಯಾಗುವುದಿಲ್ಲ. ಏಕೆಂದರೆ ಈ ವಿಪರ್ಯಾಸವನ್ನು ಆತನೇ ಬಲ್ಲವನಾಗಿದ್ದ ಎಂಬುದಕ್ಕೆ ಕಾದಂಬರಿಯಲ್ಲೇ ಸಾಕ್ಷ್ಯವಿದೆ. ನಮ್ಮ ವಿದ್ಯಾರ್ಥಿನಿ ಬೆರಳಿಟ್ಟು ತೋರಿಸಿದ್ದು ಅದನ್ನೇ.

ಕಥೆ ಬರೆದು ಮುಗಿದ ಮೇಲೆ ರುಸ್ವಾ ಹಸ್ತಪ್ರತಿಯನ್ನು ತಿದ್ದಿಕೊಡೆಂದು ಉಮ್ರಾವ್ ಜಾನಳ ಕೈಯಲ್ಲೇ ಇಡುತ್ತಾನೆ. ಅಂದರೆ ಈ ಪುಸ್ತಕದ ಮೊದಲ ಓದುಗಳು ಅವಳೇ. ಅವಳ ಮೊದಲ ಪ್ರತಿಕ್ರಿಯೆ ಕೋಪ. ಹರಿದು ಚೂರುಮಾಡಿಬಿಡಬೇಕೆನ್ನುವಷ್ಟು ಕೋಪ. ಬದುಕಿದ್ದಾಗ ಆದ ಅಪಕೀರ್ತಿ ಸಾಲದೆಂದು ಸತ್ತ ಮೇಲೂ ಜನ ಓದಿ ಆಡಿಕೊಳ್ಳಲಿ ಎಂದೇ ಇದನ್ನು ಬರೆದದ್ದು ಎಂದು ಅವಳಿಗೆ ಅನ್ನಿಸುತ್ತದೆ. ಅನಂತರ ರಾತ್ರಿ ನಿದ್ದೆ ಬಾರದೆ ಅದನ್ನೇ ಕೈಗೆತ್ತಿಕೊಂಡು ಓದತೊಡಗುತ್ತಾಳೆ. ಕೆಳಗಿಡಲಾರದೆ ಓದಿ ಮುಗಿಸುತ್ತಾಳೆ. ತನ್ನ ಬಾಳು ಕಥೆಯಾಗಿ ಬೇರೊಬ್ಬರ ಅಕ್ಷರದಲ್ಲಿ ಎದುರು ನಿಂತಾಗ ಅವಳಿಗೆ ನಾಚಿಕೆಯೂ ಆಗುತ್ತದೆ, ಅಚ್ಚರಿಯೂ ಆಗುತ್ತದೆ. ಆಮೇಲೆಯೇ ಅವಳು ತನ್ನ ಬಾಳನ್ನು ಕುರಿತು ತನ್ನ ಕೊನೆಯ ವಿಚಾರಗಳನ್ನು ಹೇಳುವುದು. ಇಷ್ಟು ಹೊತ್ತು ಪ್ರಶ್ನೆ ಕೇಳಿ ಉತ್ತರ ಹೊರಡಿಸುತ್ತಿದ್ದ ರುಸ್ವಾ ಇಲ್ಲಿ ಕೇಳಿಸಿಕೊಳ್ಳುವವನಾಗುತ್ತಾನೆ.

ಇಷ್ಟಕ್ಕೆ ಮುಗಿಯಲಿಲ್ಲ. ಅದೇ 1899ರಲ್ಲಿ ‘ಜುನೂನ್-ಎ-ಇಂತಜಾರ್’ ಎಂಬ ಒಂದು ಚಿಕ್ಕ ಪುಸ್ತಕ ಹೊರಬಂತು. ಹೆಸರಿನ ಅರ್ಥ ಕಾಯುವಿಕೆಯ ಹುಚ್ಚು. ಅದರಲ್ಲಿ ಕಥೆ ಹೇಳುವವಳು ಉಮ್ರಾವ್ ಜಾನ್. ಕಥೆ ಮಿರ್ಜಾ ರುಸ್ವಾನ ಸ್ವಂತ ಪ್ರೇಮಪ್ರಸಂಗ. ನನ್ನ ಗುಟ್ಟನ್ನು ನೀನು ಬಯಲುಮಾಡಿದೆ, ನಿನ್ನದನ್ನು ನಾನು ಬಯಲುಮಾಡುತ್ತೇನೆ ಎಂಬ ಸೇಡು. ಇದು ಕಾದಂಬರಿಕಾರನ ವಿನೋದವೆನ್ನಿ, ಮಾರಾಟದ ಜಾಣತನವೆನ್ನಿ. ಆದರೂ, ಇನ್ನೊಬ್ಬರ ಬಾಳನ್ನು ಬಿಚ್ಚಿಡುವವನು ತನ್ನ ಬಾಳನ್ನು ಬಿಚ್ಚಿಡಲು ಸಿದ್ಧನಿರಬೇಕು ಎಂಬ ಒಂದು ನ್ಯಾಯ ಆ ವಿನೋದದಲ್ಲಿ ಅಡಗಿದೆ. ತನಗೆ ತಾನೇ ಮಾನಗೆಟ್ಟವನೆಂದು ಹೆಸರಿಟ್ಟುಕೊಂಡವನಿಗೆ ಅದು ಗೊತ್ತಿತ್ತು.

ಕಾದಂಬರಿಯಲ್ಲಿ ಕಲ್ಪನೆಯಾಗಿದ್ದದ್ದು ಶತಮಾನ ಕಳೆದ ಮೇಲೆ ಕೇರಳದಲ್ಲಿ ವಾಸ್ತವವಾಗಿ ನಡೆಯಿತು. 2005ರಲ್ಲಿ ನಳಿನಿ ಜಮೀಲಾ ಎಂಬವರ ಆತ್ಮಕಥೆ, ಲೈಂಗಿಕ ವೃತ್ತಿಯಲ್ಲಿದ್ದ ಹೆಣ್ಣಿನ ಆತ್ಮಕಥೆಯೆಂದೇ ಶೀರ್ಷಿಕೆಯಿಟ್ಟುಕೊಂಡು ಮಲಯಾಳದಲ್ಲಿ ಪ್ರಕಟವಾಯಿತು. ಅವರು ಹೇಳಿದ್ದನ್ನು ಬರೆದುಕೊಟ್ಟವರು ಬೇರೊಬ್ಬರು. ಕೆಲವೇ ತಿಂಗಳಲ್ಲಿ ಪುಸ್ತಕ ಮುದ್ರಣದ ಮೇಲೆ ಮುದ್ರಣ ಕಂಡಿತು. ನಾವು ನೋಡಿದ ಮೂರು ಮಾತುಗಳೂ ಅಲ್ಲಿಯೂ ಎದ್ದವು. ಗೋಳು ತೋಡಿಕೊಳ್ಳದೆ, ಪಶ್ಚಾತ್ತಾಪ ಪಡದೆ, ತನ್ನದು ದುಡಿಮೆಯೆಂದು ಹೇಳಿದ ಹೆಣ್ಣನ್ನು ಎಲ್ಲಿಡಬೇಕೆಂದು ಸಂಪ್ರದಾಯಸ್ಥರಿಗೂ ತಿಳಿಯಲಿಲ್ಲ, ಸ್ತ್ರೀಪರ ಚಿಂತಕರಲ್ಲೂ ಒಮ್ಮತ ಬರಲಿಲ್ಲ. ಆದರೆ ಎಲ್ಲಕ್ಕಿಂತ ತೀಕ್ಷ್ಣವಾದ ವಿಮರ್ಶೆ ಬಂದದ್ದು ಪುಸ್ತಕದ ಮೊದಲ ಓದುಗಳಿಂದ, ಅಂದರೆ ನಳಿನಿ ಜಮೀಲಾ ಅವರಿಂದಲೇ. ಅಚ್ಚಾದ ರೂಪ ತನ್ನದಲ್ಲವೆಂದು ಅದನ್ನು ನಿರಾಕರಿಸಿ, ಅವರು ಆತ್ಮಕಥೆಯನ್ನು ಮತ್ತೆ ಬೇರೆಯಾಗಿಯೇ ಹೊರತಂದರು. 2007ರಲ್ಲಿ ಜೆ. ದೇವಿಕಾ ಅವರು ಇಂಗ್ಲಿಷಿಗೆ ಮಾಡಿದ ಅನುವಾದಕ್ಕೆ ಆಧಾರವಾದದ್ದು ಈ ಎರಡನೆಯ ರೂಪವೇ. ಉಮ್ರಾವ್ ಜಾನ್ ಹಸ್ತಪ್ರತಿಯನ್ನು ಹರಿದುಹಾಕಬೇಕೆಂದುಕೊಂಡು ಹರಿಯದೆ ಬಿಟ್ಟಳು. ನಳಿನಿ ಜಮೀಲಾ ಹರಿದು, ಮತ್ತೆ ಬರೆದರು.

ಇಷ್ಟು ಹೇಳಿದ ಮೇಲೆ ಸಾಹಿತ್ಯದ ಅಧ್ಯಾಪಕನಾಗಿ ನಾನು ಹೇಳಬೇಕಾದದ್ದು ಬಹಳ ಉಳಿದಿಲ್ಲ. ನಿಜವೇ ಎಂದು ಕೇಳುವುದು ತಪ್ಪಲ್ಲ. ಇತಿಹಾಸದ ದಾರಿ ತೆರೆಯುವುದು ಆ ಪ್ರಶ್ನೆಯಿಂದಲೇ. ಕಣ್ಣೀರು ಹಾಕುವುದೂ ತಪ್ಪಲ್ಲ. ಮಕ್ಕಳ ಕೈಗೆ ಏನನ್ನು ಕೊಡಬೇಕೆಂಬ ಯೋಚನೆ ಉಪಾಧ್ಯಾಯನಿಗೆ ಇರಬೇಕಾದದ್ದೇ. ಆದರೆ ಈ ಮೂರು ಪ್ರಶ್ನೆಗಳೂ ಓದುಗನ ಕಡೆಯಿಂದ ಹೊರಟು ಓದುಗನ ಕಡೆಗೇ ಮರಳುತ್ತವೆ: ನನ್ನ ಕುತೂಹಲ, ನನ್ನ ಕರುಣೆ, ನನ್ನ ಮರ್ಯಾದೆ. ಇದನ್ನು ಹೇಳಿದವಳು ಇದನ್ನು ಓದಿದರೆ ಏನೆಂದಾಳು ಎಂಬ ನಾಲ್ಕನೆಯ ಪ್ರಶ್ನೆಯೊಂದೇ ಅವಳ ಕಡೆಗೆ ತಿರುಗುವಂಥದು. ಇದನ್ನು ಕೇಳಿಕೊಂಡೊಡನೆ, ಲೇಖಕ ಎಲ್ಲಿ ಅವಳ ಮಾತನ್ನು ಆಡಿದ್ದಾನೆ, ಎಲ್ಲಿ ತನ್ನ ಮಾತನ್ನು ಅವಳ ಬಾಯಿಗಿಟ್ಟಿದ್ದಾನೆ, ನಾವು ಎಲ್ಲಿ ಕೇಳಿಸಿಕೊಂಡಿದ್ದೇವೆ, ಎಲ್ಲಿ ಕೇವಲ ಇಣಿಕಿ ನೋಡಿದ್ದೇವೆ ಎಂಬುದು ತಾನಾಗಿ ಬೇರ್ಪಡತೊಡಗುತ್ತದೆ.

ಈ ಪರೀಕ್ಷೆಯನ್ನು ರುಸ್ವಾ ತನ್ನ ಕೃತಿಯ ಒಳಗೇ ಇಟ್ಟುಕೊಂಡ. ನಮ್ಮ ಭಾಷೆಯ ಮಂಜುಳೆಗೂ, ಕೃಷ್ಣರಾಯರ ಪಾತ್ರಗಳಿಗೂ ಇದನ್ನು ಅನ್ವಯಿಸಿ ನೋಡುವುದು ಸಾಹಿತ್ಯಾಭ್ಯಾಸಿಗಳು ಮಾಡಬಹುದಾದ, ಮಾಡಬೇಕಾದ ಕೆಲಸ. ಬರುವ ತಿಂಗಳು ನಮ್ಮ ಸಂಘದಲ್ಲಿ ‘ಮೈಮನಗಳ ಸುಳಿಯಲ್ಲಿ’ ಚರ್ಚೆಗೆ ಬರಲಿದೆ. ವಿಷಯವನ್ನು ಮಂಡಿಸಲು ಆ ದ್ವಿತೀಯ ವರ್ಷದ ಹುಡುಗಿ ಒಪ್ಪಿಕೊಂಡಿದ್ದಾಳೆ. ನಮ್ಮ ಹಿರಿಯ ಸಹೋದ್ಯೋಗಿಗಳಿಗೂ ಆಹ್ವಾನ ಹೋಗಿದೆ.